ಪದಚರ್ಚೆ: ‘ಕ್ರೆಡಿಟ್ ಟ್ರಾನ್ಸ್‌ಫರ್’ ಎಂಬುದಕ್ಕೆ ಜಮೆಯೋ, ಮುಜರೆಯೋ?

ಎಲ್ಲರಿಗೂ ನಮಸ್ಕಾರ.

ಹೋದ ತಿಂಗಳು ಅರಸೀಕೆರೆಯಿಂದ ನಮ್ಮತ್ತೆ ಫೋನ್ ಮಾಡಿ, ‘ಅಲ್ಲಮ್ಮಾ, ಹುಡುಗನ್ ಸಾಲ ಎಲ್ಲಾ ಯೂನಿವರ್ಸಿಟಿಗೆ ವರ್ಗ ಆಯ್ತಂತೆ. ಅಷ್ಟೊಂದು ಸಾಲ ಯಾವಾಗ ಮಾಡಿದ್ರಿ? ನಮಗೊಂದ್ ಮಾತು ಹೇಳ್ಬಾರ್ದಾ?’ ಎಂದು ಕೇಳಿದರು. ದನಿ ನಡುಗುತ್ತಿತ್ತು. ಆದದ್ದು ಇಷ್ಟೇ: ಇಲ್ಲಿ ಅಮೆರಿಕದಲ್ಲಿ ಎರಡು ವರ್ಷದ ಕಮ್ಯುನಿಟಿ ಕಾಲೇಜಿನಲ್ಲಿ ಓದುತ್ತಿದ್ದ ನನ್ನ ಮಗ, ಮುಗಿಸಿದ ಪಾಠಗಳಿಗೆ ಲೆಕ್ಕವಾಗಿ ಸಿಕ್ಕ ತನ್ನ ಕ್ರೆಡಿಟ್‌ಗಳು ಯೂನಿವರ್ಸಿಟಿಗೆ ಟ್ರಾನ್ಸ್‌ಫರ್ ಆದವೆಂದು ಅಜ್ಜಿಗೆ ಖುಷಿಯಿಂದ ಇಂಗ್ಲಿಷಿನಲ್ಲಿ ಬರೆದಿದ್ದ. ಅಜ್ಜಿಯ ಫೋನು ಅದನ್ನು ತಾನೇ ಕನ್ನಡಕ್ಕೆ ತಿರುಗಿಸಿ ‘ನನ್ನ ಸಾಲಗಳು ವರ್ಗಾವಣೆಗೊಂಡಿವೆ’ ಎಂದು ತೋರಿಸಿತ್ತು. ಎರಡು ರಾತ್ರಿ ಅವರು ನಿದ್ದೆ ಮಾಡಿರಲಿಲ್ಲ.

ಅಂದಿನಿಂದ ಈ ಪದ ನನ್ನನ್ನು ಬಿಟ್ಟಿಲ್ಲ. ಸ್ಯಾನ್ ಹೋಸೆ ಸುತ್ತಮುತ್ತಲಿನ ನಾವು ಕೆಲವು ಹೆಂಗಸರು ಸೇರಿ, ಕಮ್ಯುನಿಟಿ ಕಾಲೇಜಿನಿಂದ ಯೂನಿವರ್ಸಿಟಿಗೆ ಹೋಗುವ ದಾರಿಯನ್ನು ಕನ್ನಡದಲ್ಲಿ ತಿಳಿಸುವ ಒಂದು ಪುಟ್ಟ ಪುಸ್ತಕ ಬರೆಯುತ್ತಿದ್ದೇವೆ. ಗಂಡನ ವೀಸಾದ ಮೇಲೆ ಬಂದು ಮತ್ತೆ ಓದಲು ಹೊರಟವರಿಗೆ, ಮಕ್ಕಳನ್ನು ಈ ದಾರಿಯಲ್ಲಿ ಕಳಿಸುವ ತಂದೆತಾಯಿಗಳಿಗೆ, ಊರಲ್ಲಿ ಕೂತು ಕಾಳಜಿ ಮಾಡುವ ಅಜ್ಜ ಅಜ್ಜಿಯರಿಗೆ. ಬರೆಯುವುದೇನೂ ಕಷ್ಟವಾಗುತ್ತಿಲ್ಲ, ಪದಗಳು ಕೈಕೊಡುತ್ತಿವೆ. ಅದಕ್ಕೇ ನಿಮ್ಮ ಮುಂದೆ ಬಂದಿದ್ದೇನೆ.

ಹಿನ್ನೆಲೆ ಗೊತ್ತಿಲ್ಲದವರಿಗೆ ಎರಡು ಮಾತು. ಕ್ಯಾಲಿಫೋರ್ನಿಯಾ ರಾಜ್ಯ 1960ರಲ್ಲಿ ಒಂದು ಮಹಾಯೋಜನೆ ಮಾಡಿ ಉನ್ನತ ಶಿಕ್ಷಣವನ್ನು ಮೂರು ಹಂತವಾಗಿ ಹಂಚಿತು. ಬರುವ ಎಲ್ಲರಿಗೂ ಬಾಗಿಲು ತೆರೆದಿರುವ ಎರಡು ವರ್ಷದ ಕಾಲೇಜುಗಳು, ಅದರ ಮೇಲೆ ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿ, ಅದರ ಪಕ್ಕದಲ್ಲಿ ಬರ್ಕ್ಲಿ, ಲಾಸ್ ಏಂಜಲಿಸ್ ಮುಂತಾದ ಕ್ಯಾಂಪಸ್‌ಗಳಿರುವ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ. ಮೊದಲ ಎರಡು ವರ್ಷ ಕಡಿಮೆ ಖರ್ಚಿನಲ್ಲಿ ಮನೆ ಹತ್ತಿರದ ಕಾಲೇಜಿನಲ್ಲಿ ಓದಿ, ಮೂರನೇ ವರ್ಷಕ್ಕೆ ಯೂನಿವರ್ಸಿಟಿ ಸೇರಬಹುದು. ಹಾಗೆ ಸೇರುವಾಗ ಓದಿದ ಪಾಠಗಳು ಜೊತೆಗೆ ಬರಬೇಕು. ಆ ‘ಬರುವುದಕ್ಕೆ’ ಕನ್ನಡದಲ್ಲಿ ಏನನ್ನಬೇಕು ಎಂಬುದೇ ಪ್ರಶ್ನೆ.

ಸಣ್ಣ ತೊಡಕುಗಳನ್ನು ಮೊದಲು ಮುಗಿಸಿಬಿಡುತ್ತೇನೆ. ‘ಸಮುದಾಯ ಕಾಲೇಜು’ ಎಂದು ಬರೆದು ಊರಿಗೆ ಕಳಿಸಿದಾಗ ಒಬ್ಬ ಹಿರಿಯರು ‘ಯಾವ ಸಮುದಾಯದ್ದು?’ ಎಂದು ಕೇಳಿದರು. ಅವರ ತಪ್ಪಲ್ಲ. ಸಮುದಾಯ ಭವನ, ಸಮುದಾಯದ ಹಾಸ್ಟೆಲ್ ಎಂದಾಗ ನಮಗೆ ಬೇರೇನೇ ತೋಚುತ್ತದೆ. ‘ಕಮ್ಯುನಿಟಿ ಕಾಲೇಜು’ ಎಂದೇ ಉಳಿಸಿದ್ದೇವೆ. ‘ಜೂನಿಯರ್ ಕಾಲೇಜು’ ಎಂಬ ಹಳೆಯ ಹೆಸರೂ ಉಂಟು. ಈ ಬಗೆಯ ಸಾರ್ವಜನಿಕ ಕಾಲೇಜುಗಳಲ್ಲಿ ಮೊದಲನೆಯದೆಂದು ಹೇಳುವ, 1901ರಲ್ಲಿ ಇಲಿನಾಯ್‌ನಲ್ಲಿ ಶುರುವಾದ ಜೋಲಿಯೆಟ್ ಕಾಲೇಜಿನ ಹೆಸರಲ್ಲಿ ಅದು ಇಂದಿಗೂ ಇದೆ. ಆದರೆ ಕರ್ನಾಟಕದಲ್ಲಿ ಜೂನಿಯರ್ ಕಾಲೇಜು ಎಂದರೆ ಪಿಯುಸಿ. ಸಾಲದ್ದಕ್ಕೆ, ಮೂರನೇ ವರ್ಷದ ವಿದ್ಯಾರ್ಥಿಯನ್ನು ಇಲ್ಲಿ ‘ಜೂನಿಯರ್’ ಎನ್ನುತ್ತಾರೆ. ‘ಮಗ ಜೂನಿಯರ್ ಆಗಿ ಸೇರಿದ’ ಎಂದರೆ ಊರಲ್ಲಿ ಅವನು ಹಿಂದೆ ಬಿದ್ದನೆಂದೇ ಅರ್ಥ. ‘ಮೂರನೇ ವರ್ಷಕ್ಕೆ ಸೇರಿದ’ ಎಂದು ಬಿಡಿಸಿ ಬರೆಯುವುದೇ ಸರಿ.

ಇಲ್ಲಿ ಕ್ರೆಡಿಟ್‌ಗೆ ‘ಯೂನಿಟ್’ ಎನ್ನುವುದೇ ವಾಡಿಕೆ. ಅದನ್ನು ‘ಘಟಕ’ ಎಂದು ಅನುವಾದಿಸಿದರೆ ಕೆಟ್ಟಿತು. ನಮ್ಮ ಪಠ್ಯಪುಸ್ತಕಗಳಲ್ಲಿ ಘಟಕ ಎಂದರೆ ಪಾಠದೊಳಗಿನ ಭಾಗ. ‘ಐದು ಘಟಕದ ಗಣಿತ’ ಎಂದರೆ ಐದು ಅಧ್ಯಾಯ ಎಂದುಕೊಳ್ಳುತ್ತಾರೆ. ಯೂನಿಟ್ ಯೂನಿಟ್ಟಾಗಿಯೇ ಇರಲಿ. ಆದರೆ ಅದರಲ್ಲೂ ಎರಡು ಅಳತೆ ಇದೆ ಎಂಬುದನ್ನು ಹೇಳಲೇಬೇಕು. ಡಿ ಆಂಜ, ಫುಟ್‌ಹಿಲ್ ಕಮ್ಯುನಿಟಿ ಕಾಲೇಜುಗಳು ಕ್ವಾರ್ಟರ್, ಅಂದರೆ ಸೆಮಿಸ್ಟರಿಗಿಂತ ಚಿಕ್ಕ ಅವಧಿಯ ಲೆಕ್ಕದವು, ಸ್ಯಾನ್ ಹೋಸೆ ಸ್ಟೇಟ್ ಯೂನಿವರ್ಸಿಟಿ ಸೆಮಿಸ್ಟರ್ ಲೆಕ್ಕದ್ದು. ಒಂದು ಸೆಮಿಸ್ಟರ್ ಯೂನಿಟ್ ಒಂದೂವರೆ ಕ್ವಾರ್ಟರ್ ಯೂನಿಟ್‌ಗೆ ಸಮ. ಅಂದರೆ ಮೂರನೇ ವರ್ಷಕ್ಕೆ ಸೇರಲು ಬೇಕಾದ 60 ಯೂನಿಟ್, ಕ್ವಾರ್ಟರ್ ಲೆಕ್ಕದಲ್ಲಿ 90. ಇದನ್ನು ನಮ್ಮ ಅಮ್ಮಂದಿರಿಗೆ ವಿವರಿಸಲು ಕಷ್ಟವೇ ಆಗಲಿಲ್ಲ. ಸೇರು, ಪಾವು, ಕೊಳಗ ಊರೂರಿಗೂ ಬೇರೆಯಾಗಿದ್ದ ಕಾಲವನ್ನು ಕಂಡವರು, ಕೇಳಿದವರು ಅವರು.

ಇನ್ನು ಮುಖ್ಯ ಪದಕ್ಕೆ ಬರುತ್ತೇನೆ.

‘ಕ್ರೆಡಿಟ್’ಗೆ ‘ಶ್ರೇಯಾಂಕ’ ಎಂದು ಕೆಲವರು ಸೂಚಿಸಿದರು. ಮರಾಠಿಯಲ್ಲಿ ಇದೇ ಅರ್ಥಕ್ಕೆ ಆ ಪದ ನಡೆಯುತ್ತದೆ. ಕನ್ನಡದಲ್ಲಿ ಶ್ರೇಯಾಂಕ ಎಂದರೆ ಟೆನಿಸ್ ಆಟಗಾರರ ಸ್ಥಾನ, ಕಾಲೇಜಿಗೆ ಸಿಗುವ ದರ್ಜೆ. ಎತ್ತರ ತಗ್ಗು ಹೇಳುವ ಪದ ಅದು. ಕ್ರೆಡಿಟ್‌ನಲ್ಲಿ ಎತ್ತರ ತಗ್ಗಿಲ್ಲ; ಮೂರು ಯೂನಿಟ್ ಪಾಠವನ್ನು ‘ಎ’ ತೆಗೆದು ಮುಗಿಸಿದರೂ ‘ಸಿ’ ತೆಗೆದು ಮುಗಿಸಿದರೂ ಮೂರೇ ಯೂನಿಟ್. ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾಕ್ಕೆ ಹೋದಾಗ ಯೂನಿಟ್‌ಗಳು ಜೊತೆಗೆ ಬರುತ್ತವೆ, ಗ್ರೇಡುಗಳ ಸರಾಸರಿ ಬರುವುದಿಲ್ಲ, ಅದು ಅಲ್ಲಿ ಹೊಸದಾಗಿ ಶುರು. ಶ್ರೇಯಾಂಕ ಎಂದರೆ ಈ ವ್ಯತ್ಯಾಸವೇ ಅಳಿಸಿಹೋಗುತ್ತದೆ.

‘ವರ್ಗಾವಣೆ’ಗೂ ನನ್ನ ಆಕ್ಷೇಪವಿದೆ. ಮೇಷ್ಟ್ರಿಗೆ ವರ್ಗವಾದರೆ ಅವರು ಹಳೆಯ ಶಾಲೆಯಲ್ಲಿ ಇರುವುದಿಲ್ಲ. ಹಣ ವರ್ಗಾಯಿಸಿದರೆ ಹಳೆಯ ಖಾತೆಯಲ್ಲಿ ಅಷ್ಟು ಕಡಿಮೆಯಾಗುತ್ತದೆ. ಟಿ.ಸಿ. ತಗೊಂಡರೆ ಹಳೆಯ ಶಾಲೆಯ ಋಣ ತೀರಿತು. ಕ್ರೆಡಿಟ್ ಹಾಗಲ್ಲ. ಅದು ಹಳೆಯ ಕಾಲೇಜಿನ ದಾಖಲೆಯಲ್ಲಿ ಇದ್ದ ಹಾಗೇ ಇರುತ್ತದೆ. ಹೊಸ ಯೂನಿವರ್ಸಿಟಿ ಅದನ್ನು ನೋಡಿ ಒಪ್ಪುತ್ತದೆ, ಅಷ್ಟೇ. ಬಂದದ್ದು ವಸ್ತುವಲ್ಲ, ಮನ್ನಣೆ.

ಇಲ್ಲಿ ನನಗೆ ‘ಸಲ್ಲು’ ಎಂಬ ಕ್ರಿಯಾಪದ ಬಹಳ ಹಿಡಿಸಿದೆ. ನಾಣ್ಯ ಸಲ್ಲುತ್ತದೆ, ಸಲ್ಲುವುದಿಲ್ಲ ಎನ್ನುತ್ತೇವಲ್ಲ, ಆ ಸಲ್ಲು. ಬಸವಣ್ಣನವರು ಮರ್ತ್ಯಲೋಕವನ್ನು ಕರ್ತಾರನ ಕಮ್ಮಟವೆಂದು ಕರೆದು ‘ಇಲ್ಲಿ ಸಲ್ಲುವರು ಅಲ್ಲಿಯೂ ಸಲ್ಲುವರಯ್ಯಾ’ ಎಂದಾಗ ಇದ್ದದ್ದೂ ಟಂಕಸಾಲೆಯ ಅರ್ಥವೇ. ಒಂದು ಕಡೆ ಮುದ್ರೆ ಬಿದ್ದದ್ದು ಇನ್ನೊಂದು ಕಡೆ ನಡೆಯುತ್ತದೆಯೇ ಎಂಬ ಪ್ರಶ್ನೆ ಅದು, ನಮ್ಮದೂ ಅದೇ ಪ್ರಶ್ನೆ. ಹಾಗಾಗಿ ‘ವರ್ಗಾವಣೆಗೆ ಅರ್ಹವಾದ ಕೋರ್ಸ್’ ಎನ್ನುವ ಬದಲು ‘ಸಲ್ಲುವ ಪಾಠ’ ಎಂದು ಬರೆಯಬಹುದಲ್ಲವೇ? ‘ಈ ಪಾಠ ಸ್ಟೇಟ್ ಯೂನಿವರ್ಸಿಟಿಗೆ ಸಲ್ಲುತ್ತದೆ, ಬರ್ಕ್ಲಿಗೆ ಸಲ್ಲುವುದಿಲ್ಲ.’ ಓದಿದರೆ ಕನ್ನಡ ಅನ್ನಿಸುತ್ತದೆ.

ಆದರೆ ಸಲ್ಲುವುದರಲ್ಲೂ ಎರಡು ಬಗೆ. ಇದು ನಾನು ಕಷ್ಟಪಟ್ಟು ಕಲಿತದ್ದು, ಪುಸ್ತಕ ಬರೆಯಬೇಕೆನ್ನಿಸಿದ್ದೂ ಇದರಿಂದಲೇ. ಹಲವು ವರ್ಷಗಳ ಹಿಂದೆ ನಾನೂ ಇದೇ ದಾರಿಯಲ್ಲಿ ಬಂದವಳು. ಕಮ್ಯುನಿಟಿ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರದ ಒಂದು ಪಾಠ ಮಾಡಿದ್ದೆ, ಮಗುವನ್ನು ಮಲಗಿಸಿ ರಾತ್ರಿ ಓದಿ. ಯೂನಿವರ್ಸಿಟಿ ಕಳಿಸಿದ ಪಟ್ಟಿಯಲ್ಲಿ ಆ ಪಾಠದ ಎದುರು ‘ಟ್ರಾನ್ಸ್‌ಫರ್ ಆಗಿದೆ’ ಎಂದೇ ಇತ್ತು. ಕೊನೆಯ ವರ್ಷದಲ್ಲಿ ಸಲಹೆಗಾರರು ‘ನಿಮ್ಮ ಸಂಖ್ಯಾಶಾಸ್ತ್ರ ಇನ್ನೂ ಬಾಕಿ’ ಎಂದರು. ಆಗಿದೆಯಲ್ಲ ಎಂದೆ. ಹೌದು, ಬಂದಿದೆ, ಆದರೆ ಐಚ್ಛಿಕ ಯೂನಿಟ್ ಆಗಿ ಬಂದಿದೆ, ನಿಮ್ಮ ಮುಖ್ಯ ವಿಷಯಕ್ಕೆ ಕ್ಯಾಲ್ಕುಲಸ್ ಆಧರಿಸಿದ ಸಂಖ್ಯಾಶಾಸ್ತ್ರವೇ ಬೇಕು ಎಂದರು. ಒಂದು ಅವಧಿ ಹೆಚ್ಚು ಓದಿದೆ, ಅಷ್ಟು ಶುಲ್ಕ ಹೆಚ್ಚು ಕಟ್ಟಿದೆ. ನನಗೆ ಇಂಗ್ಲಿಷ್ ಬರುತ್ತಿತ್ತು. ಇಂಗ್ಲಿಷಿನಲ್ಲೇ ಒಂದು ಪದ ಎರಡು ಅರ್ಥ ಹೊತ್ತುಕೊಂಡಿತ್ತು: ಯೂನಿಟ್ ಒಟ್ಟು ಮೊತ್ತಕ್ಕೆ ಸೇರುವುದೂ ಟ್ರಾನ್ಸ್‌ಫರ್, ಅದು ಪದವಿಯ ಒಂದು ಅಗತ್ಯವನ್ನು ತೀರಿಸುವುದೂ ಟ್ರಾನ್ಸ್‌ಫರ್.

ನಮ್ಮಲ್ಲಿ ಮಕ್ಕಳ ಆಟದಲ್ಲಿ ತೀರಾ ಚಿಕ್ಕವರನ್ನು ‘ಆಟಕ್ಕುಂಟು ಲೆಕ್ಕಕ್ಕಿಲ್ಲ’ ಎಂದು ಸೇರಿಸಿಕೊಳ್ಳುತ್ತೇವೆ. ನನ್ನ ಸಂಖ್ಯಾಶಾಸ್ತ್ರದ ಪಾಠ ಹಾಗೆ ಬಂದಿತ್ತು. ಇದನ್ನು ಯಾರಾದರೂ ಆಗಲೇ ಹೇಳಿದ್ದರೆ ನನಗೆ ಆ ಕ್ಷಣವೇ ಅರ್ಥವಾಗುತ್ತಿತ್ತು.

ಈ ಎರಡನ್ನೂ ಬೇರ್ಪಡಿಸುವ ಜೋಡಿ ಪದ ನನಗೆ ಸಿಕ್ಕಿದ್ದು ಅಜ್ಜನ ಕೊಬ್ಬರಿ ಮಂಡಿಯ ನೆನಪಿನಲ್ಲಿ. ರೈತ ಕೊಬ್ಬರಿ ತಂದು ಹಾಕಿದರೆ ಅದರ ಬೆಲೆಯನ್ನು ಅಜ್ಜ ಅವನ ಹೆಸರಿಗೆ ‘ಜಮೆ’ ಮಾಡುತ್ತಿದ್ದರು. ಅಷ್ಟಕ್ಕೇ ಅವನ ಹಳೆಯ ಬಾಕಿ ತೀರಿತು ಎಂದಲ್ಲ. ಜಮೆಯಾದದ್ದರಲ್ಲಿ ಇಷ್ಟನ್ನು ಗೊಬ್ಬರದ ಬಾಕಿಗೆ, ಇಷ್ಟನ್ನು ಮದುವೆಗೆ ತೆಗೆದದ್ದಕ್ಕೆ ಎಂದು ‘ಮುಜರೆ’ ಹಾಕಬೇಕಿತ್ತು. ‘ಮನೆ ಬಾಡಿಗೆಯನ್ನು ಅಡ್ವಾನ್ಸಿನಲ್ಲಿ ಮುಜರೆ ಹಾಕ್ಕೊಳ್ಳಿ’ ಎಂದು ಈಗಲೂ ಹೇಳುವವರಿದ್ದಾರೆ. ಮೊದಲು ಜಮೆ, ಆಮೇಲೆ ಮುಜರೆ. ಪದವಿಗೆ ಬೇಕಾದ ಪಾಠಗಳ ಪಟ್ಟಿ ಎಂದರೆ ವಿದ್ಯಾರ್ಥಿಯ ಹೆಸರಿನಲ್ಲಿರುವ ಬಾಕಿ. ತಂದ ಯೂನಿಟ್‌ಗಳೆಲ್ಲ ಜಮೆಯಾಗಬಹುದು. ಅದರಲ್ಲಿ ಯಾವುದು ಯಾವ ಬಾಕಿಗೆ ಮುಜರೆಯಾಯಿತು ಎಂಬುದು ಬೇರೆ ಮಾತು. ನನ್ನ ಪಾಠ ಜಮೆಯಾಗಿತ್ತು, ಮುಜರೆಯಾಗಿರಲಿಲ್ಲ.

ಒಂದು ಕಡೆ ಮಾತ್ರ ಈ ಲೆಕ್ಕದ ಪುಸ್ತಕ ಹೊಂದುವುದಿಲ್ಲ, ಮುಚ್ಚಿಡದೆ ಹೇಳುತ್ತೇನೆ. ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ ಕಮ್ಯುನಿಟಿ ಕಾಲೇಜಿನಿಂದ ಹೆಚ್ಚೆಂದರೆ 70 ಸೆಮಿಸ್ಟರ್ ಯೂನಿಟ್, ಅಂದರೆ 105 ಕ್ವಾರ್ಟರ್ ಯೂನಿಟ್ ಒಪ್ಪುತ್ತದೆ. ಅದಕ್ಕಿಂತ ಹೆಚ್ಚು ಓದಿ ತಂದರೆ ಆ ಪಾಠಗಳು ವಿಷಯದ ಅಗತ್ಯವನ್ನು ತೀರಿಸುತ್ತವೆ, ಯೂನಿಟ್ ಮೊತ್ತಕ್ಕೆ ಸೇರುವುದಿಲ್ಲ. ಅಂದರೆ ಜಮೆಯಿಲ್ಲದೆ ಮುಜರೆ! ಅಜ್ಜನ ಪುಸ್ತಕದಲ್ಲಿ ಇದಕ್ಕೆ ಜಾಗವಿಲ್ಲ. ಆದರೂ ಎರಡು ಪದ ಬೇರೆ ಬೇರೆ ಇದ್ದರೆ ‘ಮುಜರೆ ಉಂಟು, ಜಮೆ ಇಲ್ಲ’ ಎಂದು ಹೇಳಲಾದರೂ ಬರುತ್ತದೆ. ಒಂದೇ ‘ವರ್ಗಾವಣೆ’ ಇಟ್ಟುಕೊಂಡು ಇದನ್ನು ಹೇಳಲು ನಾನು ಮೂರು ಸಲ ಬರೆದು ಮೂರು ಸಲ ಹರಿದುಹಾಕಿದ್ದೇನೆ.

ನಮ್ಮ ಗುಂಪಿನಲ್ಲಿ ಒಬ್ಬರು ಜಮೆ, ಮುಜರೆ ಎರಡೂ ಹೊರಗಿನಿಂದ ಬಂದ ಪದ, ‘ಸೇರಿಕೆ’, ‘ತೀರಿಕೆ’ ಎನ್ನಿ ಎಂದರು. ಚೆನ್ನಾಗಿವೆ, ಆದರೆ ಓದುಗರು ಅವನ್ನು ಇಲ್ಲಿ ಹೊಸದಾಗಿ ಕಲಿಯಬೇಕು. ಜಮೆ, ಮುಜರೆ ಸಂತೆಯಲ್ಲಿ, ಸೊಸೈಟಿಯಲ್ಲಿ, ಬ್ಯಾಂಕಿನಲ್ಲಿ ತಲೆಮಾರುಗಳಿಂದ ಬಳಸಿ ನಮ್ಮವೇ ಆಗಿವೆ. ಭಾರತದಲ್ಲೂ ವಿದ್ಯಾರ್ಥಿಗಳ ಕ್ರೆಡಿಟ್ ಕೂಡಿಡುವ ವ್ಯವಸ್ಥೆಗೆ 2021ರಿಂದ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ‘ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್’ ಎಂದು ಬ್ಯಾಂಕಿನ ಹೆಸರನ್ನೇ ಇಟ್ಟಿದೆ. ಅಲ್ಲಿ ಕೂಡಿಟ್ಟ ಕ್ರೆಡಿಟ್‌ಗೆ ಸಾಮಾನ್ಯವಾಗಿ ಏಳು ವರ್ಷದ ಮಿತಿಯೂ ಇದೆ. ಬ್ಯಾಂಕ್ ಇರುವಲ್ಲಿ ಜಮೆ ಇರುವುದು ಸಹಜ.

‘ಲ್ಯಾಟರಲ್ ಎಂಟ್ರಿ ಇದ್ದ ಹಾಗೆ ಎಂದುಬಿಡಿ’ ಎಂಬ ಸಲಹೆಯೂ ಬಂತು. ಡಿಪ್ಲೊಮಾ ಮುಗಿಸಿ, ಡಿಸಿಇಟಿ ಎಂಬ ಪ್ರವೇಶ ಪರೀಕ್ಷೆ ಬರೆದು, ನೇರ ಎರಡನೇ ವರ್ಷದ ಬಿ.ಇ.ಗೆ ಸೇರುವುದು ಕರ್ನಾಟಕದ ಮನೆಮನೆಗೂ ಗೊತ್ತು. ಆದರೆ ಅಲ್ಲಿ ಪಾಠ ಪಾಠವಾಗಿ ತೂಗಿ ನೋಡುವುದಿಲ್ಲ. ಇಡೀ ಡಿಪ್ಲೊಮಾವನ್ನು ಒಟ್ಟಾಗಿ ಒಪ್ಪಿ ಒಂದು ವರ್ಷ ಬಿಟ್ಟುಕೊಡುತ್ತಾರೆ. ಕೊರತೆ ತುಂಬಲು ತಾಂತ್ರಿಕ ವಿಶ್ವವಿದ್ಯಾಲಯ ವಿಟಿಯು ಹೆಚ್ಚುವರಿ ಗಣಿತ ಹಾಕುತ್ತದೆ, ಅದಕ್ಕೆ ಕ್ರೆಡಿಟ್ ಇಲ್ಲ, ಪಾಸು ಮಾತ್ರ ಆಗಲೇಬೇಕು. ಕ್ಯಾಲಿಫೋರ್ನಿಯಾದಲ್ಲಿ ಇದಕ್ಕೆ ಹತ್ತಿರವಾದದ್ದು 2010ರ ಕಾನೂನಿನಿಂದ ಬಂದ ‘ಟ್ರಾನ್ಸ್‌ಫರ್‌ಗಾಗಿ ಅಸೋಸಿಯೇಟ್ ಪದವಿ’. ಕಮ್ಯುನಿಟಿ ಕಾಲೇಜು ಕೊಡುವ ಎರಡು ವರ್ಷದ ಈ ಪದವಿಯನ್ನು 60 ಯೂನಿಟ್‌ನಲ್ಲಿ ಮುಗಿಸಿದವರು, ಅದಕ್ಕೆ ಹೊಂದುವ ವಿಷಯ ಹಿಡಿದರೆ, ಸ್ಟೇಟ್ ಯೂನಿವರ್ಸಿಟಿಯಲ್ಲಿ ಇನ್ನು 60 ಯೂನಿಟ್‌ನಲ್ಲಿ ಪದವಿ ಮುಗಿಸಲು ದಾರಿ ಇರುತ್ತದೆ. ಆ ಅಧ್ಯಾಯದಲ್ಲಿ ಮಾತ್ರ ಲ್ಯಾಟರಲ್ ಎಂಟ್ರಿಯ ಹೋಲಿಕೆ ಕೊಟ್ಟಿದ್ದೇನೆ.

ಇನ್ನೊಂದು ಪದ ‘ಆರ್ಟಿಕ್ಯುಲೇಷನ್’. ಯಾವ ಕಾಲೇಜಿನ ಯಾವ ಪಾಠ ಯಾವ ಯೂನಿವರ್ಸಿಟಿಯ ಯಾವ ಪಾಠಕ್ಕೆ ಸಮ ಎಂಬ ಒಪ್ಪಂದ. ನಮ್ಮ ಮೊದಲ ಕರಡಿನಲ್ಲಿ ಇದು ‘ಉಚ್ಚಾರಣೆ ಒಪ್ಪಂದ’ ಆಗಿ ಕೂತಿತ್ತು. ಇಂಗ್ಲಿಷ್ ಪದದ ಬೇರಿನಲ್ಲಿರುವುದು ಕೀಲು, ಎರಡು ಮೂಳೆ ಕೂಡುವ ಸಂದು. ಆದರೆ ‘ಕೀಲು ಒಪ್ಪಂದ’ ಎಂದರೆ ಯಾರಿಗೆ ತಿಳಿದೀತು? ಅಸಿಸ್ಟ್ ಎಂಬ ಜಾಲತಾಣದಲ್ಲಿ ಈ ಪಟ್ಟಿಗಳೆಲ್ಲ ಸಿಗುತ್ತವೆ. ಎಡಗಡೆ ಯೂನಿವರ್ಸಿಟಿಯ ಪಾಠ, ಬಲಗಡೆ ಕಾಲೇಜಿನ ಪಾಠ. ಅದನ್ನು ನೋಡುವಾಗ ನಾವು ಮಾಡುವುದೇನು? ತಾಳೆ ನೋಡುತ್ತೇವೆ. ಹಾಗಾಗಿ ‘ತಾಳೆಪಟ್ಟಿ’ ಎಂದು ಕರೆದಿದ್ದೇನೆ. ಕ್ವಾರ್ಟರ್ ಕಾಲೇಜಿನ ಕ್ಯಾಲ್ಕುಲಸ್‌ನಲ್ಲಿ ಎಷ್ಟೋ ಸಲ ಎರಡು ಮೂರು ಪಾಠ ಸೇರಿದರೇ ತಾಳೆಯಾಗುತ್ತದೆ. ಅರ್ಧಕ್ಕೆ ಬಿಟ್ಟು ಹೋದರೆ ತಾಳೆ ತಪ್ಪುತ್ತದೆ. ಸರಣಿಯ ಪಾಠಗಳನ್ನು ಒಂದೇ ಕಾಲೇಜಿನಲ್ಲಿ ಮುಗಿಸಿ ಎಂದು ಹೇಳುವುದು ಇದಕ್ಕೇ. ತಾಳೆಗರಿಯ ನೆನಪಾಗಿ ಗೊಂದಲವಾದೀತು ಎಂದು ಒಬ್ಬರು ಅಂದರು, ನನಗೆ ಆ ಭಯವಿಲ್ಲ.

ನಿಮ್ಮಿಂದ ತಿಳಿಯಬೇಕಾದದ್ದು ಮುಖ್ಯವಾಗಿ ‘ಮುಜರೆ’ಯ ಬಗ್ಗೆ. ಹಾಸನ, ತುಮಕೂರು ಕಡೆಯವಳಾಗಿ ನನಗೆ ಅದು ಸಲೀಸು. ಕರಾವಳಿಯಲ್ಲಿ, ಧಾರವಾಡ, ಕಲಬುರಗಿ ಕಡೆ ಬಾಕಿಗೆ ಹೊಂದಿಸಿಕೊಳ್ಳುವ ಈ ಅರ್ಥದಲ್ಲಿ ಏನು ಹೇಳುತ್ತೀರಿ? ‘ವಜಾ’ ಎನ್ನುವವರಿದ್ದರೆ ಅದನ್ನೂ ತಿಳಿಸಿ, ಆದರೆ ಕೆಲಸದಿಂದ ವಜಾ ಎಂಬ ಅರ್ಥ ಮೇಲೆದ್ದು ನಿಲ್ಲುತ್ತದೆ ಎಂದು ನನ್ನ ಅಂಜಿಕೆ. ಇಪ್ಪತ್ತರ ಆಸುಪಾಸಿನ ಮಕ್ಕಳಿಗೆ ಮುಜರೆ ಎಂದರೆ ದೇವಸ್ಥಾನದ ಮುಜರಾಯಿ ಇಲಾಖೆ ಮಾತ್ರ ತೋಚುತ್ತದೆಯೇ ಎಂಬುದನ್ನೂ ಕೇಳಿ ನೋಡಿ.

ಹೋದ ವಾರ ನಮ್ಮತ್ತೆಗೆ ಪುಸ್ತಕದ ಒಂದು ವಾಕ್ಯ ಓದಿ ಹೇಳಿದೆ: ‘ಹುಡುಗನ ಇಪ್ಪತ್ತು ಪಾಠವೂ ಜಮೆಯಾಗಿವೆ, ಅದರಲ್ಲಿ ಹದಿನಾಲ್ಕು ಪದವಿಗೆ ಮುಜರೆಯಾಗಿವೆ.’ ಅವರು ಕೂಡಲೇ ‘ಹಂಗಾದ್ರೆ ಮಿಕ್ಕ ಆರು?’ ಎಂದರು. ಅದೇ ವಾಕ್ಯವನ್ನು ನಿಮ್ಮ ಮನೆಯ ಹಿರಿಯರೊಬ್ಬರಿಗೆ ಓದಿ, ಅವರು ಏನು ಕೇಳಿದರು ಎಂದು ಬರೆಯಿರಿ.