ಅತ್ತಿಗೆ ಕೇಳಿದ್ದಕ್ಕೆ: ಮನೇಲಿ ಪೋಲ್ ಹಾಕಿಸೋ ಮುಂಚೆ

ಅತ್ತಿಗೆ, ಉತ್ತರ ಸ್ವಲ್ಪ ಉದ್ದ ಇದೆ. ಕೆಲಸ ಮಾಡ್ತಾ ಮಾಡ್ತಾ ಕೇಳಿಸ್ಕೊಳ್ಳಿ, ಆಮೇಲೆ ಪುಟ್ಟಿಗೂ ಕೇಳಿಸಿ. ನೀವು ಕೇಳಿದ್ದು ಇಷ್ಟು. ಪುಟ್ಟಿ ಮೈಸೂರಲ್ಲಿ ಪೋಲ್ ಡ್ಯಾನ್ಸ್, ಅಂದ್ರೆ ನೆಟ್ಟಗೆ ನಿಲ್ಲಿಸಿದ ಲೋಹದ ಕಂಬ ಹಿಡಿದು ಹತ್ತಿ ಸುತ್ತೋ ಆಟ, ಅದರ ಕ್ಲಾಸಿಗೆ ಹೋಗ್ತಿದ್ದಳು, ಈಗ ರಜೆಗೆ ಕೊಡಗಿನ ನಾಪೋಕ್ಲಿನ ಮನೇಲಿದ್ದಾಳೆ, ಅಭ್ಯಾಸ ತಪ್ಪಬಾರದು. ಹಳೇ ಮನೆ ನಡುಮನೇಲಿ ಒಂದು ಪೋಲ್ ನಿಲ್ಲಿಸೋಣ ಅಂತ ಯೋಚನೆ. ವೆಲ್ಡಿಂಗ್ ಅಂಗಡಿಯವರು ಜಿಐ ಪೈಪು, ಅಂದ್ರೆ ಸತು ಲೇಪಿಸಿದ ಕಬ್ಬಿಣದ ಪೈಪು, ಹಾಕಿ ಕೊಡ್ತೀನಿ ಅಂದಿದ್ದಾರೆ. ಈ ಮಳೇಲಿ ಕೈ ಜಾರಲ್ವಾ ಅಂತ ಅಣ್ಣ ಕೇಳಿದ್ದಾರೆ. ಇದೆಲ್ಲ ನಮಗೆ ಬೇಕಾ ಅಂತ ಇನ್ನೊಬ್ಬರು ಕೇಳಿದ್ದಾರೆ. ಅವರಿಗೆ ಮೊದಲು ಒಂದೇ ಮಾತು. ಇದಕ್ಕೂ ಅಂತರರಾಷ್ಟ್ರೀಯ ಒಕ್ಕೂಟ ಇದೆ, 2009ರಲ್ಲಿ ಶುರುವಾಗಿದ್ದು. ಅಂಕ, ತೀರ್ಪುಗಾರರು, ವಯಸ್ಸಿನ ವಿಭಾಗ ಎಲ್ಲ ಇಟ್ಕೊಂಡು ಸ್ಪರ್ಧೆ ನಡೆಸ್ತಾರೆ. ಮಲ್ಲಕಂಬ ನೋಡಿ ಚಪ್ಪಾಳೆ ಹೊಡೆಯೋ ನಾವು ಇದಕ್ಕೆ ಮುಖ ತಿರುಗಿಸೋದು ನ್ಯಾಯ ಅಲ್ಲ.

ಈಗ ವಿಷಯಕ್ಕೆ ಬರ್ತೀನಿ. ಕೊಡಗಿನ ಮನೇಲಿ ಪೋಲ್ ಅಂದ್ರೆ ಮೊದಲು ಚಾವಣಿ ನೋಡ್ಬೇಕು, ಆಮೇಲೆ ತೇವ ನೋಡ್ಬೇಕು. ಇವೆರಡೂ ತೀರ್ಮಾನ ಆಗೋ ತನಕ ದುಡ್ಡು ಕೊಡ್ಬೇಡಿ.

ಮನೆಗೆ ಅಂತ ಮಾರೋ ಪೋಲು ಹೆಚ್ಚಾಗಿ ಒತ್ತಡದ ಮೇಲೆ ನಿಲ್ಲೋದು. ಮೇಲ್ಗಡೆ ಒಂದು ದುಂಡನೆ ಡೋಮ್, ಕೆಳಗಡೆ ಬೇಸ್, ಬೇಸ್ ಒಳಗೆ ಒಂದು ಸ್ಕ್ರೂ. ಆ ಸ್ಕ್ರೂ ತಿರುಗಿಸಿದ ಹಾಗೆ ಪೋಲು ಉದ್ದ ಆಗಿ ಚಾವಣಿನ ಮೇಲಕ್ಕೆ ಒತ್ತುತ್ತೆ. ಅಂದ್ರೆ ಪೋಲನ್ನ ಹಿಡ್ಕೊಂಡಿರೋದು ನಿಮ್ಮ ಚಾವಣಿಯೇ. ಹಳೇ ಮನೆ ನಡುಮನೆಗೆ ಇರೋದು ಮರದ ಮುಚ್ಚಿಗೆ, ಅದರ ಮೇಲೆ ಅಟ್ಟ, ಅದರ ಮೇಲೆ ಮಂಗಳೂರು ಹೆಂಚು. ಡೋಮ್ ಎರಡು ತೊಲೆ ಮಧ್ಯದ ಹಲಗೆಗೆ ತಾಗಿದ್ರೆ ಹಲಗೆ ಮೇಲಕ್ಕೆ ಏಳುತ್ತೆ, ಒತ್ತಡ ನಿಲ್ಲಲ್ಲ. ತೊಲೆ ಕೆಳಗೇ ನಿಲ್ಲಿಸಿದ್ರೂ ಇನ್ನೊಂದು ತೊಂದರೆ ಇದೆ. ಮರ ಮಳೆಗಾಲದಲ್ಲಿ ಊದುತ್ತೆ, ಬೇಸಿಗೇಲಿ ಕುಗ್ಗುತ್ತೆ. ಜುಲೈನಲ್ಲಿ ಗಟ್ಟಿ ಕೂತ ಪೋಲು ಮಾರ್ಚಿಗೆ ಯಾರೂ ಮುಟ್ಟದೇನೇ ಸಡಿಲ ಆಗಿರುತ್ತೆ. ಗೆದ್ದಲು ಹಿಡಿದ ತೊಲೆ ಆದ್ರೆ ಹೊರಗಿಂದ ಗೊತ್ತೂ ಆಗಲ್ಲ. ಹಾಗಾಗಿ ಹಳೇ ಮನೆ ಬೇಡ. ಜಿಪ್ಸಮ್ ಫಾಲ್ಸ್ ಸೀಲಿಂಗ್ ಕೆಳಗಂತೂ ಬೇಡವೇ ಬೇಡ.

ಪಕ್ಕದ ಹೊಸ ಮನೇಲಿ ಆರ್‌ಸಿಸಿ ಸ್ಲ್ಯಾಬ್ ಇದೆಯಲ್ಲ, ಅಲ್ಲಿ ಒಳಗಿನ ಕೋಣೆ ಒಂದನ್ನ ಬಿಡಿಸಿ. ಪೋರ್ಟಿಕೋ ವಿಶಾಲವಾಗಿದೆ ಅಂತ ಅನ್ನಿಸಬಹುದು, ಆದ್ರೆ ಅಲ್ಲಿಗೆ ಎರಚಲು ಹೊಡೆಯುತ್ತೆ, ನೆಲನೂ ಪೋಲೂ ಒದ್ದೆ. ಸ್ಲ್ಯಾಬಿಗೆ ನೀರು ಇಳಿದು ಗಾರೆ ಉಬ್ಬಿರೋ ಜಾಗ ಇದ್ರೆ ಅದರ ಕೆಳಗೆ ಬೇಡ. ಬೆರಳ ಗೆಣ್ಣಲ್ಲಿ ತಟ್ಟಿ ನೋಡಿ, ಟೊಳ್ಳು ಸದ್ದು ಬಂದ್ರೆ ಗಾರೆ ಸ್ಲ್ಯಾಬಿಂದ ಬಿಟ್ಟಿದೆ ಅಂತ ಅರ್ಥ. ಪೋಲಿನ ಸುತ್ತ ಐದು ಅಡಿ ಖಾಲಿ ಇರ್ಬೇಕು, ಕಾಲು ಚಾಚಿ ತಿರುಗುವಾಗ ಮಂಚದ ಅಂಚು, ಗೋಡೆ, ಫ್ಯಾನಿನ ರೆಕ್ಕೆ ಯಾವುದೂ ಸಿಗಬಾರದು.

ಎತ್ತರದ ಲೆಕ್ಕದಲ್ಲಿ ತುಂಬಾ ಜನ ತಪ್ತಾರೆ. ಮಾಮೂಲಿ ಕಿಟ್ ಸುಮಾರು ಒಂಬತ್ತು ಅಡಿ ತನಕ ಮಾತ್ರ ಬರುತ್ತೆ, ನಮ್ಮ ಕಡೆ ಸ್ಲ್ಯಾಬ್ ಹತ್ತು ಅಡಿಗೆ ಹಾಕೋದು. ಕಡಿಮೆ ಬಿದ್ದದ್ದನ್ನ ಬೇಸ್ ಸ್ಕ್ರೂ ಪೂರ್ತಿ ಹೊರಗೆ ಎಳೆದು ಸರಿದೂಗಿಸ್ತಾರೆ. ಒಳಗೆ ಸ್ಕ್ರೂವಿನ ನಾಲ್ಕೇ ಸುತ್ತು ಉಳಿದಾಗ ಪೋಲು ಬುಡದಲ್ಲೇ ತೂಗಾಡುತ್ತೆ. ಎಕ್ಸ್‌ಟೆನ್ಶನ್ ತುಂಡು ಬೇರೆ ತಗೊಳ್ಬೇಕು, 125, 250, 500 ಮಿಲಿಮೀಟರ್ ಹೀಗೆ ಅಳತೇಲಿ ಸಿಗುತ್ತೆ. ಅದನ್ನ ಮೇಲ್ಗಡೆ ಸೇರಿಸಬೇಕು, ಕೈ ಓಡಾಡೋ ಜಾಗದಲ್ಲಿ ಜಾಯಿಂಟ್ ಬರಬಾರದು.

ಜಿಐ ಪೈಪು ಯಾಕೆ ಬೇಡ ಅಂತ ಬಿಡಿಸಿ ಹೇಳ್ತೀನಿ, ಅಂಗಡಿಯವರಿಗೂ ಬೇಜಾರಾಗಬಾರದು. ಪ್ಲಂಬಿಂಗಲ್ಲಿ ಒಂದೂವರೆ ಇಂಚು ಅಂತ ಕೇಳಿದ್ರೆ ಸಿಗೋ ಪೈಪಿನ ಹೊರಗಿನ ಅಳತೆ 48.3 ಮಿಲಿಮೀಟರ್, ಒಂದೂಕಾಲು ಇಂಚಿನದು 42.4. ಸ್ಪರ್ಧೆಯ ಪೋಲು 45. ಈ ಮೂರು ಮಿಲಿಮೀಟರ್ ಏನು ಮಹಾ ಅನ್ನಿಸಬಹುದು, ಆದ್ರೆ ಸಣ್ಣ ಕೈಗೆ ಬೆರಳು ಸುತ್ತಿ ಬರೋದಕ್ಕೂ ಬರದೇ ಇರೋದಕ್ಕೂ ಅಷ್ಟೇ ವ್ಯತ್ಯಾಸ. ಬೆರಳು ಸುತ್ತದಿದ್ರೆ ಮುಂಗೈ ಸ್ನಾಯು ಬೇಗ ಸೋತು ಹಿಡಿತ ತಾನಾಗೇ ಬಿಚ್ಚಿಕೊಳ್ಳುತ್ತೆ. ಇನ್ನು ಸತುವಿನ ಲೇಪ ನುಣುಪಲ್ಲ. ಅಲ್ಲಲ್ಲಿ ಹನಿ ಹನಿಯಾಗಿ ಗಟ್ಟಿಯಾಗಿರುತ್ತೆ, ತೊಡೆ ಚರ್ಮ ಅದರ ಮೇಲೆ ಎಳೆದ್ರೆ ಗೀರುತ್ತೆ. ನಮ್ಮ ತೇವಕ್ಕೆ ಬಿಳೀ ತುಕ್ಕೂ ಬರುತ್ತೆ. ಮೆಟ್ಟಿಲ ರೇಲಿಂಗಿಗೆ ಹಾಕೋ ಸ್ಟೀಲ್ ಪೈಪಾದ್ರೂ ಆಗುತ್ತಾ ಅಂದ್ರೆ ಅದೂ ಬೇಡ. ಅದರ ತಗಡು ತೆಳು, ಒರಗೋದಕ್ಕೆ ಮಾಡಿದ್ದು. ಒಬ್ಬರು ಪೂರ್ತಿ ತೂಕ ಬಿಟ್ಟು ಸುತ್ತಿದಾಗ ಪಕ್ಕಕ್ಕೆ ಬೀಳೋ ಎಳೆತಕ್ಕೆ ಅದು ಬಾಗುತ್ತೆ. ಪೋಲಿಗೆ ಅಂತಲೇ ಮಾಡಿದ್ದನ್ನೇ ತಗೊಳ್ಳಿ.

ಯಾವ ಲೋಹ? ನನ್ನ ಕೇಳಿದ್ರೆ ಕೊಡಗಿಗೆ ಹಿತ್ತಾಳೆ, 45 ಮಿಲಿಮೀಟರ್. ಕ್ರೋಮ್ ಅಗ್ಗ, ಎಲ್ಲ ಕಡೆ ಸಿಗುತ್ತೆ, ಆದ್ರೆ ಬೆವರು ತಾಗಿದ ಕೂಡಲೇ ಜಾರುತ್ತೆ. ಅದರಲ್ಲಿ ನಿಕ್ಕಲ್ ಬೇರೆ ಇರುತ್ತೆ. ಚಿನ್ನದ್ದಲ್ಲದ ಓಲೆ ಹಾಕಿದ್ರೆ ಪುಟ್ಟಿಗೆ ಕಿವಿ ಕೆರೆಯುತ್ತೆ ಅಂತಾದ್ರೆ ಕ್ರೋಮ್ ಬಿಟ್ಟುಬಿಡಿ. ಸ್ಟೇನ್‌ಲೆಸ್ ಸ್ಟೀಲ್ ಚರ್ಮಕ್ಕೆ ಒಳ್ಳೇದು, ಬಾಳಿಕೆ ಜಾಸ್ತಿ, ಹಿಡಿತ ಮಾತ್ರ ಕಡಿಮೆ. ಹಿತ್ತಾಳೆ ತೇವದ ಊರಲ್ಲೂ ಅಂಟುತ್ತೆ. ಆದ್ರೆ ಕಳೆಗುಂದುತ್ತೆ, ಅದನ್ನ ದೀಪ ಬೆಳಗಿದ ಹಾಗೆ ಬೆಳಗೋದಕ್ಕೆ ಹೋಗ್ಬೇಡಿ. ಪಾಲಿಶ್ ದ್ರವ ಒಂದು ಎಣ್ಣೆ ಪದರ ಬಿಡುತ್ತೆ, ನಮಗೆ ಹೊಳಪು ಬೇಡ, ಹಿಡಿತ ಬೇಕು.

ನಿಲ್ಲಿಸುವಾಗ ರಸಮಟ್ಟ ಇಟ್ಟು ಒಂದು ಪಕ್ಕ ನೋಡಿ, ಆಮೇಲೆ ಪೋಲಿಗೆ ಕಾಲುಭಾಗ ಸುತ್ತು ಬಂದು ಇನ್ನೊಂದು ಪಕ್ಕ ನೋಡಿ. ಒಂದೇ ಕಡೆ ನೋಡಿದ್ರೆ ಇನ್ನೊಂದು ಕಡೆಗೆ ವಾಲಿರೋದು ಕಾಣಲ್ಲ. ಜಾಯಿಂಟಿನ ಅಲೆನ್ ಸ್ಕ್ರೂ ಅಲುಗಾಟ ನಿಲ್ಲೋ ತನಕ ಬಿಗಿ ಮಾಡಿ, ಅದಕ್ಕಿಂತ ಜಾಸ್ತಿ ಬೇಡ. ಅತಿಯಾದ್ರೆ ಅಲ್ಲಿ ಪೈಪು ಉಬ್ಬಿ ಕೈಗೆ ತಗಲುತ್ತೆ. ಮೊದಲ ವಾರ ದಿನಾ, ಆಮೇಲೆ ಪ್ರತಿ ಸಲ ಹತ್ತೋ ಮುಂಚೆ ಬೇಸ್ ಮತ್ತು ಡೋಮ್ ನೋಡ್ಬೇಕು. ಎರಡು ಕೈಯಲ್ಲಿ ಹಿಡಿದು ಪಕ್ಕಕ್ಕೆ ಜಗ್ಗಿದಾಗ ಡೋಮಿನ ಸುತ್ತ ಸುಣ್ಣದ ಪುಡಿ ಉದುರಿದ್ರೆ ಅದು ಸರಿದಿದೆ ಅಂತ ಲೆಕ್ಕ.

ತಿರುಗೋ ಪೋಲು ಮತ್ತೆ ನಿಂತ ಪೋಲು ಅಂತ ಎರಡು ಇದೆ, ಕೆಲವು ಪೋಲಲ್ಲಿ ಸ್ಕ್ರೂ ಹಾಕಿ ತೆಗೆದು ಎರಡೂ ಮಾಡಬಹುದು. ಮನೇಲಿ ಒಬ್ಬಳೇ ಮಾಡುವಾಗ ಸದ್ಯಕ್ಕೆ ನಿಂತದ್ದೇ ಇರಲಿ. ತಿರುಗೋದರಲ್ಲಿ ಮೈ ಪೋಲಿನ ಹತ್ತಿರ ಎಳೆದಷ್ಟೂ ವೇಗ ಏರುತ್ತೆ. ಗಾಬರಿಯಾದವರು ಸಹಜವಾಗಿ ಪೋಲನ್ನೇ ತಬ್ಬಿಕೊಳ್ತಾರೆ, ಆಗ ಇನ್ನೂ ಜೋರು. ನಿಧಾನ ಮಾಡ್ಬೇಕಾದ್ರೆ ಒಂದು ಕಾಲನ್ನ ಹೊರಗೆ ಚಾಚಬೇಕು.

ಅಣ್ಣ ಕೇಳಿದ ಮಳೆ ವಿಷಯ. ಮಡಿಕೇರಿ, ಭಾಗಮಂಡಲ, ನಾಪೋಕ್ಲು ಕಡೆ ಜೂನಿಂದ ಸೆಪ್ಟೆಂಬರ್ ತನಕ ಕೋಣೆ ಒಳಗೂ ತೇವ ಇರುತ್ತೆ. ಗಾಳಿಗಿಂತ ಪೋಲು ತಣ್ಣಗಿದ್ರೆ ಅದರ ಮೇಲೆ ಕಣ್ಣಿಗೆ ಕಾಣದ ಹಾಗೆ ನೀರು ಕೂರುತ್ತೆ, ಬೆರಳು ಎಳೆದ್ರೆ ಗೆರೆ ಬೀಳುತ್ತೆ. ಮಳೆ ಹೊಡೆಯುವಾಗ ಕಿಟಕಿ ಮುಚ್ಚಿ, ಫ್ಯಾನ್ ಪೋಲಿನ ಕಡೆ ತಿರುಗಿಸಿ, ಒಣಬಟ್ಟೆಯಲ್ಲಿ ಮೇಲಿಂದ ಕೆಳಕ್ಕೆ ಬಿಸಿ ಬರೋ ತನಕ ಉಜ್ಜಬೇಕು. ಲೋಹ ಬೆಚ್ಚಗಾದ್ರೆ ಚರ್ಮ ಹಿಡಿಯುತ್ತೆ. ಕೋಣೆ ಬೆಚ್ಚಗಾಗಲಿ ಅಂತ ಮುಚ್ಚಿದ ಕೋಣೇಲಿ ಕೆಂಡದ ಅಗ್ಗಿಷ್ಟಿಕೆ ಮಾತ್ರ ದಯವಿಟ್ಟು ಇಡ್ಬೇಡಿ. ಅದರ ಹೊಗೆಯಿಲ್ಲದ ಗಾಳಿಯೇ ಜೀವ ತೆಗೆಯುತ್ತೆ, ಸ್ಪಿರಿಟ್ ಇರೋ ಕಡೆ ಬೆಂಕಿಯೂ ಹತ್ತುತ್ತೆ.

ಸ್ಪಿರಿಟ್ ಅಂದ್ರೆ ಮೆಡಿಕಲ್ ಶಾಪಲ್ಲಿ ಸಿಗೋ 70 ಶೇಕಡಾ ಐಸೊಪ್ರೊಪೈಲ್ ಆಲ್ಕೋಹಾಲ್. ಮೈಕ್ರೋಫೈಬರ್ ಬಟ್ಟೆಗೆ ಹಾಕಿ ಹತ್ತೋ ಮುಂಚೆ ಒಂದ್ಸಲ, ಮಧ್ಯದಲ್ಲಿ ಜಾರಿದಾಗೆಲ್ಲ ಒಂದ್ಸಲ ಒರೆಸಿ. ಆದ್ರೆ ಪೋಲು ಒರೆಸಿ ಏನು ಪ್ರಯೋಜನ, ಮೈಯಲ್ಲೇ ಎಣ್ಣೆ ಇದ್ರೆ? ಭಾನುವಾರ ಎಣ್ಣೆ ಸ್ನಾನ ಮಾಡಿದ್ರೆ ಅವತ್ತು ಪೋಲು ಇಲ್ಲ. ಲೋಷನ್ ಹಚ್ಚಿದ ದಿನವೂ ಇಲ್ಲ. ತೋಟಕ್ಕೆ ಹೋಗುವಾಗ ಜಿಗಣೆಗೆ ಅಂತ ಕಾಲಿಗೆ ಎಣ್ಣೆ ಹಚ್ತೀವಿ, ಸಂಜೆ ಸೊಳ್ಳೆ ಕ್ರೀಮು ಹಚ್ತೀವಿ. ಅದೇ ಕಾಲಲ್ಲಿ ಹತ್ತಿದ್ರೆ ಮೊಣಕಾಲ ಹಿಂದೆ ಹಿಡಿತವೇ ಇರಲ್ಲ, ಮೊಣಕಾಲು ಸಿಕ್ಕಿಸಿ ತಲೆಕೆಳಗಾಗಿ ನೇತಾಡುವಾಗ ಮುಖ್ಯ ಹಿಡಿತ ಅದು. ಸೋಪು ಹಾಕಿ ಕಾಲು ತೊಳೆದು ಪೂರ್ತಿ ಒಣಗಿಸಿದ ಮೇಲೇನೇ. ಉಂಗುರ, ಬಳೆ, ಗೆಜ್ಜೆ ಬಿಚ್ಚಿಡಬೇಕು. ಮಲ್ಲಕಂಬದವರು ಮರಕ್ಕೆ ಹರಳೆಣ್ಣೆ ಹಚ್ತಾರಲ್ಲ ಅಂತ ಯಾರಾದ್ರೂ ಹೇಳಿದ್ರೆ, ಅಲ್ಲಿ ಮರದ ಉಜ್ಜುವಿಕೆ ಕಮ್ಮಿ ಮಾಡೋದಕ್ಕೆ ಎಣ್ಣೆ. ಇಲ್ಲಿ ನುಣ್ಣನೆ ಲೋಹ, ಅದಕ್ಕೆ ಪೂರ್ತಿ ಉಲ್ಟಾ ಲೆಕ್ಕ.

ಕೈ ಬೆವರೋರಿಗೆ ಲಿಕ್ವಿಡ್ ಚಾಕ್, ಅಂದ್ರೆ ಅಂಗೈ ಒಣಗಿಸೋ ದ್ರವ ಸೀಮೆಸುಣ್ಣದಂಥದ್ದು, ಒಂದು ಬಟಾಣಿ ಕಾಳಿನಷ್ಟು ಸಾಕು. ಎರಡೂ ಅಂಗೈಗೆ ಸವರಿ ಪೂರ್ತಿ ಬಿಳಿಯಾಗಿ ಒಣಗಬೇಕು. ಜಾಸ್ತಿಯಾದ್ರೆ ಪುಡಿ ಪೋಲಿನ ಮೇಲೆ ಕೂತು ಅದೇ ಜಾರೋದಕ್ಕೆ ಕಾರಣ ಆಗುತ್ತೆ. ಚಳಿಗೆ ಚರ್ಮ ಒಣಗಿ ಜಾರೋರಿಗೆ ಅಂಟು ಬರೋ ಕ್ರೀಮ್ ಬೇರೆ ಇದೆ, ಎರಡನ್ನೂ ಒಟ್ಟಿಗೆ ಹಚ್ಚಬಾರದು.

ಶಾರ್ಟ್ಸ್ ಯಾಕೆ ಅಂತ ಅಜ್ಜಿ ಕೇಳ್ತಾರೆ, ಹೇಳಿಬಿಡಿ: ಬಟ್ಟೆ ಲೋಹದ ಮೇಲೆ ಜಾರುತ್ತೆ, ಚರ್ಮ ಜಾರಲ್ಲ. ಅದು ಸುರಕ್ಷತೆಗೆ.

ಪುಟ್ಟಿ, ಇನ್ನು ನಿನಗೆ. ಹತ್ತೋದನ್ನ ಮೊದಲು ಸರಿ ಮಾಡ್ಕೋ. ಪೋಲು ಎದುರಿಗೆ, ಎರಡೂ ಕೈ ತಲೆಗಿಂತ ಮೇಲೆ. ಬಲಪಾದ ಮೇಲಕ್ಕೆ ಮಡಚಿ ಪಾದದ ಮೇಲ್ಭಾಗನ ಪೋಲಿನ ಎಡಗಡೆಗೆ ಸಿಕ್ಕಿಸು, ಮೊಣಕಾಲಿನ ಒಳಭಾಗ ಬಲಗಡೆ ಇರಲಿ, ಮುಂಗಾಲ ಎಲುಬು ಪೋಲಿಗೆ ಓರೆಯಾಗಿ ಒತ್ತಿರಲಿ. ಎಡಗಾಲು ಆಚೆ ಕಡೆಯಿಂದ ಬಂದು ಮೀನಖಂಡ ಪೋಲಿಗೆ ಒತ್ತಬೇಕು, ಇಕ್ಕಳದಲ್ಲಿ ಹಿಡಿದ ಹಾಗೆ. ಈಗ ಕಾಲಿನ ಮೇಲೆ ಎದ್ದು ನಿಲ್ಲು, ಸೊಂಟ ಮುಂದಕ್ಕೆ. ನಿಂತ ಮೇಲೆ ಕೈ ಮೇಲಕ್ಕೆ ಹೋಗಲಿ, ಆಮೇಲೆ ಹೊಟ್ಟೆ ಬಿಗಿಮಾಡಿ ಮೊಣಕಾಲು ಮೇಲಕ್ಕೆ ಎಳ್ಕೋ. ಕಾಲಿಗೆ ನೋವಾಗುತ್ತೆ ಅಂತ ಕೈಯಿಂದ ಎಳೆದ್ರೆ ಎರಡೇ ಹತ್ತಾಟಕ್ಕೆ ಮುಂಗೈ ಖಾಲಿ, ಇಳಿಯೋದಕ್ಕೆ ಶಕ್ತಿ ಇರಲ್ಲ. ಪಾದದ ಮೇಲಿನ ಆ ಉರಿ ವಾರಗಳು ಕಳೆದ ಹಾಗೆ ಕಮ್ಮಿ ಆಗುತ್ತೆ. ನೀಲಿಗಟ್ಟೋದು ಮಾಮೂಲಿ. ಕೀಲೊಳಗೆ ಚುಚ್ಚೋ ನೋವು ಮಾಮೂಲಿ ಅಲ್ಲ, ಅಲ್ಲಿಗೆ ನಿಲ್ಲಿಸಬೇಕು.

ನೇತಾಡುವಾಗೆಲ್ಲ ಭುಜ ಕಿವಿಗೆ ತಾಗಬಾರದು. ಭುಜದ ಹಲಗೆ ಕೆಳಕ್ಕೆ ಎಳೆದಿರಬೇಕು, ಇಲ್ಲದಿದ್ರೆ ಪೂರ್ತಿ ತೂಕ ಕೀಲಿನ ನಾರಿಗೆ ಬೀಳುತ್ತೆ. ಸ್ಪಿನ್ ಶುರು ಮಾಡುವಾಗ ಪೋಲಿಗೆ ಅಂಟಿ ನಿಲ್ಲಬೇಡ, ಒಳಗಿನ ಕೈ ನೀಳವಾಗೋಷ್ಟು ದೂರ ನಿಂತು ಹೊರಗಿನ ಕಾಲು ದೊಡ್ಡದಾಗಿ ಸುತ್ತಿ ಬರಲಿ. ತಲೆಕೆಳಗಾಗೋದು ಕ್ಲಾಸಲ್ಲಿ ಎಷ್ಟೇ ಬಂದಿದ್ರೂ ಮನೇಲಿ ಒಬ್ಬಳೇ ಇದ್ದಾಗ ಬೇಡ. ನೆಲದಿಂದ ಹಾರದೆ, ಮೊಣಕಾಲು ಎದೆಗೆ ಎಳ್ಕೊಂಡು ಹತ್ತು ಸೆಕೆಂಡ್ ನೇತಾಡೋದಕ್ಕೆ ಎರಡೂ ಪಕ್ಕ ಬರಬೇಕು, ಆಮೇಲೆ ಆ ಮಾತು. ಹಾರಿ ಹೋಗೋರು ಹಾಗೇ ಬೀಳ್ತಾರೆ. ಕೈ ತಿರುಚಿ ಹಿಡಿಯೋ ಟ್ವಿಸ್ಟೆಡ್ ಗ್ರಿಪ್ ಗುರುಗಳು ಎದುರಿಗಿಲ್ಲದೆ ಮುಟ್ಟಲೇಬೇಡ, ಭುಜ ಹಾಳಾಗೋದು ಅಲ್ಲೇ. ಬಲಗಡೆ ಮಾಡಿದಷ್ಟೇ ಎಡಗಡೆನೂ ಮಾಡು. ಮಣಿಕಟ್ಟು, ಭುಜ ಹತ್ತು ಹದಿನೈದು ನಿಮಿಷ ಬಿಸಿ ಮಾಡ್ಕೊಂಡೇ ಶುರು ಮಾಡು. ವಾರಕ್ಕೆ ಮೂರು ದಿನ ಸಾಕು, ಮಧ್ಯೆ ಒಂದೊಂದು ದಿನ ಬಿಡ್ಬೇಕು. ಮೊಣಕೈ ಒಳಗಡೆ ನೋವು ಹಿಡಿದ್ರೆ ತಿಂಗಳುಗಟ್ಟಲೆ ಬಿಡಲ್ಲ.

ಕ್ರ್ಯಾಶ್ ಮ್ಯಾಟ್, ಅಂದ್ರೆ ಬಿದ್ರೆ ಪೆಟ್ಟು ಕಮ್ಮಿ ಆಗಲಿ ಅಂತ ಹಾಸೋ ದಪ್ಪ ಮ್ಯಾಟ್, ಕನಿಷ್ಠ 10 ಸೆಂಟಿಮೀಟರ್ ದಪ್ಪದ್ದು, ಪೋಲು ಹಾಯೋದಕ್ಕೆ ಮಧ್ಯದಲ್ಲಿ ತೂತು ಇರೋದು. ಹಾಸಿಗೆ ಹಾಸಿದ್ರೆ ಆಗಲ್ಲ, ಕಾಲು ಹುದುಗಿ ಕಣಕಾಲು ಉಳುಕುತ್ತೆ. ನಯವಾದ ನೆಲದ ಮೇಲೆ ಮ್ಯಾಟ್ ಜಾರದ ಹಾಗೆ ಅಡಿಗೆ ರಬ್ಬರ್ ಹಾಳೆ ಹಾಕಿ. ಮುಗಿದ ಮೇಲೆ ಎತ್ತಿ ಗೋಡೆಗೆ ಒರಗಿಸಿಡಿ, ಈ ಮಳೇಲಿ ಎರಡು ದಿನ ಬಿಟ್ಟರೆ ಅಡಿಯಲ್ಲಿ ಬೂಷ್ಟು. ಮ್ಯಾಟ್ ಇದೆ ಅಂತ ತಲೆ ಕೆಳಗಾಗಿ ಬಿದ್ರೆ ಕುತ್ತಿಗೆ ಉಳಿಯಲ್ಲ ಅನ್ನೋದೂ ನೆನಪಿರಲಿ.

ಅತ್ತಿಗೆ, ಈಗ ಒಂದು ಕೆಲಸ ಮಾಡಿ. ಹೊಸ ಮನೆ ಕೋಣೇಲಿ ಪೋಲು ಬರೋ ಜಾಗದಲ್ಲಿ ನೆಲದಿಂದ ಸ್ಲ್ಯಾಬಿಗೆ ಟೇಪ್ ಹಿಡಿದು ಅಳೆಸಿ, ಇಂಚಲ್ಲಿ ಬೇಡ, ಮಿಲಿಮೀಟರಲ್ಲಿ. ಸುತ್ತ ಒಂದಡಿ ದೂರದಲ್ಲಿ ಇನ್ನೂ ನಾಲ್ಕು ಕಡೆ ಅಳೆಸಿ, ಸ್ಲ್ಯಾಬು ವಾಲಿದ್ರೆ ಗೊತ್ತಾಗುತ್ತೆ. ಐದೂ ಅಳತೆ ಇಲ್ಲೇ ಗುಂಪಲ್ಲಿ ಹಾಕಿ, ಎಷ್ಟರ ಎಕ್ಸ್‌ಟೆನ್ಶನ್ ಬೇಕು ಅಂತ ನೋಡಿ ಹೇಳ್ತೀನಿ.