ಲಿನಕ್ಸ್ ಲ್ಯಾಪ್‌ಟಾಪ್‌ನಲ್ಲಿ ಸೆಕ್ಯೂರ್ ಬೂಟ್ ಇಟ್ಕೊಳ್ಳೋದ್ರಿಂದ ಏನಾದ್ರೂ ಲಾಭ ಇದೆಯಾ?

ಬೂಟ್‌ಬಸವ:
ಎಸ್‌ಪಿ ರೋಡ್‌ನಲ್ಲಿ ತಗೊಂಡ ಸೆಕೆಂಡ್‌ಹ್ಯಾಂಡ್ ಲ್ಯಾಪ್‌ಟಾಪ್, ಡೆಬಿಯನ್ 12, ಡಿಸ್ಕ್‌ಗೆ ಲಕ್ಸ್ ಎನ್‌ಕ್ರಿಪ್ಷನ್ ಇದೆ. ಎನ್‌ವಿಡಿಯಾ ಡ್ರೈವರ್ ಲೋಡ್ ಆಗ್ತಿಲ್ಲ, ‘ಕೀ ವಾಸ್ ರಿಜೆಕ್ಟೆಡ್ ಬೈ ಸರ್ವಿಸ್’ ಅಂತಿದೆ. ಸೆಕ್ಯೂರ್ ಬೂಟ್ (ನಂಬಿಕೆಯ ಸಹಿ ಇಲ್ಲದ್ದು ಬೂಟ್ ಆಗದಂತೆ ತಡೆಯೋ ವ್ಯವಸ್ಥೆ) ಆಫ್ ಮಾಡಿದ್ರೆ ಎಲ್ಲ ಸರಿ. ಮೆಷಿನ್ ದಿನಾ ಮೆಟ್ರೋದಲ್ಲಿ ಓಡಾಡುತ್ತೆ. ಆಫ್ ಇಟ್ರೆ ನಷ್ಟ ಏನು?

ಕರ್ನಲ್‌ಕಟ್ಟೆ:
ಆಫ್ ಮಾಡ್ಬೇಡಿ, ಕೀ ಸೇರಿಸಿ. ಡಿಕೆಎಂಎಸ್ (ಇಂಥ ಹೊರಗಿನ ಡ್ರೈವರ್‌ಗಳನ್ನ ಕರ್ನಲ್‌ಗೆ ತಕ್ಕಂತೆ ಕಟ್ಟೋ ಟೂಲ್) ಸಹಿ ಹಾಕೋಕೆ ಈಗಾಗಲೇ ಒಂದು ಕೀ ಮಾಡಿಟ್ಟಿರುತ್ತೆ; ಹೀಗೆ ನೀವೇ ಸೇರಿಸೋ ಕೀಗೆ ಮೋಕ್ ಅಂತಾರೆ. ರೂಟ್ ಆಗಿ ‘ಮೋಕ್‌ಯುಟಿಲ್ --ಇಂಪೋರ್ಟ್ /ವಾರ್/ಲಿಬ್/ಡಿಕೆಎಂಎಸ್/ಮೋಕ್.ಪಬ್’ ಕೊಡಿ. ಕೇಳೋ ಪಾಸ್‌ವರ್ಡ್ ಒಂದೇ ಸಲಕ್ಕೆ, ಬರೀ ಅಕ್ಷರ-ಅಂಕಿ ಸಾಕು. ಮುಂದಿನ ಸ್ಕ್ರೀನಿನಲ್ಲಿ ಕೀಬೋರ್ಡ್ ಅಮೆರಿಕನ್ ಲೇಔಟ್‌ನಲ್ಲಿರುತ್ತೆ. ರೀಬೂಟ್ ಆದಾಗ ನೀಲಿ ಸ್ಕ್ರೀನ್ ಬರುತ್ತೆ, ಕೆಲವೇ ಸೆಕೆಂಡಲ್ಲಿ ಯಾವುದಾದ್ರೂ ಕೀ ಒತ್ತಬೇಕು. ಬಿಟ್ರೆ ಸೀದಾ ಬೂಟ್ ಆಗಿ, ಮತ್ತೆ ಮೊದಲಿಂದ ಇಂಪೋರ್ಟ್ ಮಾಡ್ಬೇಕು. ‘ಎನ್‌ರೋಲ್ ಮೋಕ್’, ‘ಕಂಟಿನ್ಯೂ’, ‘ಯೆಸ್’, ಪಾಸ್‌ವರ್ಡ್, ಮುಗೀತು. ವರ್ಚುವಲ್‌ಬಾಕ್ಸ್ ಡಿಕೆಎಂಎಸ್‌ನಲ್ಲಿದ್ರೆ ಅದಕ್ಕೂ ಇದೇ ಕೀ. ಒಂದು ಕಿರಿಕಿರಿ ಮಾತ್ರ ಉಳಿಯುತ್ತೆ: ಕರ್ನಲ್ ಲಾಕ್‌ಡೌನ್‌ಗೆ (ರೂಟ್‌ಗೂ ಕರ್ನಲ್ ಬದಲಾಯಿಸೋಕೆ ಬಿಡದ ಸ್ಥಿತಿ) ಹೋಗೋದ್ರಿಂದ ಹೈಬರ್ನೇಟ್ ಆಗಲ್ಲ.

ಸಂಶಯಪ್ಪ:
ಅಷ್ಟೆಲ್ಲ ಮಾಡಿದ್ರೂ ಡೆಬಿಯನ್‌ನ ಮಾಮೂಲಿ ಸೆಟಪ್‌ನಲ್ಲಿ ದೊಡ್ಡ ತೂತು ಹಾಗೇ ಇರುತ್ತೆ. ಶಿಮ್ (ಮೊದಲು ಓಡೋ, ಮೈಕ್ರೋಸಾಫ್ಟ್ ಸಹಿಯ ಪುಟ್ಟ ಲೋಡರ್), ಗ್ರಬ್ (ಬೂಟ್‌ಲೋಡರ್), ಕರ್ನಲ್ ಮೂರಕ್ಕೂ ಸಹಿ ಇದೆ, ಇನಿಟ್‌ರಾಮ್‌ಎಫ್‌ಎಸ್‌ಗೆ (ಡಿಸ್ಕ್ ತೆರೆಯೋ ಮುಂಚೆ ಓಡಿ ಪಾಸ್‌ವರ್ಡ್ ಕೇಳೋ ಪುಟ್ಟ ಸಿಸ್ಟಮ್) ಇಲ್ಲ. ಅದು ಎನ್‌ಕ್ರಿಪ್ಟ್ ಆಗದ ಬೂಟ್ ಪಾರ್ಟಿಷನ್‌ನಲ್ಲಿ ಕೂತಿದೆ. ಲ್ಯಾಪ್‌ಟಾಪ್ ಹತ್ತು ನಿಮಿಷ ಕೈಗೆ ಸಿಕ್ಕವರು ಅದನ್ನೇ ಬದಲಾಯಿಸಿ, ನೀವು ಹೊಡೆಯೋ ಲಕ್ಸ್ ಪಾಸ್‌ವರ್ಡ್ ಎತ್ತಿಕೊಳ್ಳಬಹುದು. ಸೆಕ್ಯೂರ್ ಬೂಟ್ ತುಟಿಪಿಟಿಕ್ ಅನ್ನಲ್ಲ. ಡಿಕೆಎಂಎಸ್‌ನ ಖಾಸಗಿ ಕೀ ಕೂಡ ಅದೇ ಡಿಸ್ಕ್‌ನಲ್ಲಿದೆ, ಅಂದ್ರೆ ರೂಟ್ ಸಿಕ್ಕವನು ತನ್ನ ಮಾಡ್ಯೂಲ್‌ಗೂ ಸಹಿ ಹಾಕ್ತಾನೆ. ಮನೆ ಬಿಟ್ಟು ಕದಲದ ಡೆಸ್ಕ್‌ಟಾಪ್ ಆದ್ರೆ ನಾನಂತೂ ಆಫ್ ಅಂತೀನಿ.

ಕೀಲಿಕೈ:
ಸಂಶಯಪ್ಪ ಹೇಳಿದ್ದು ಸರಿ, ಆದ್ರೆ ಅದಕ್ಕೆ ಮದ್ದಿದೆ. ಕರ್ನಲ್, ಇನಿಟ್‌ರಾಮ್‌ಎಫ್‌ಎಸ್, ಕಮಾಂಡ್‌ಲೈನ್ ಮೂರನ್ನೂ ಒಂದೇ ಯುಕೆಐ ಫೈಲ್ ಮಾಡಿ, ‘ಎಸ್‌ಬಿಸಿಟಿಎಲ್’ ಟೂಲ್‌ನಿಂದ ಸ್ವಂತ ಕೀಯಲ್ಲಿ ಸಹಿ ಹಾಕಿ. ಕೀ ಸೇರಿಸುವಾಗ ‘ಎನ್‌ರೋಲ್-ಕೀಸ್ -ಎಂ’ ಅನ್ನೋ ‘-ಎಂ’ ಮರೀಬೇಡಿ, ಮೈಕ್ರೋಸಾಫ್ಟ್ ಕೀಗಳನ್ನೂ ಸೇರಿಸೋದು ಅದೇ. ಗ್ರಾಫಿಕ್ಸ್ ಕಾರ್ಡಿನ ಆಪ್ಷನ್ ರೋಮ್‌ಗೆ (ಕಾರ್ಡಿನೊಳಗೇ ಇರೋ ಸ್ಟಾರ್ಟಪ್ ಕೋಡ್) ಸಾಮಾನ್ಯವಾಗಿ ಮೈಕ್ರೋಸಾಫ್ಟ್ ಸಹಿಯೇ ಇರೋದು. ಆ ಕೀ ತೆಗೆದ್ರೆ ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಸ್ಕ್ರೀನೇ ಬರಲ್ಲ, ಬಯಾಸ್‌ಗೂ ಹೋಗಕ್ಕಾಗಲ್ಲ. ಬಯಾಸ್‌ಗೆ ಪಾಸ್‌ವರ್ಡೂ ಹಾಕಿ, ಇಲ್ಲಾಂದ್ರೆ ಯಾರು ಬೇಕಾದ್ರೂ ಸೆಕ್ಯೂರ್ ಬೂಟ್ ಆಫ್ ಮಾಡ್ತಾರೆ.

ಟಿಪಿಎಂನಿಂದ (ಕೀ ಜೋಪಾನ ಮಾಡೋ ಚಿಪ್) ಲಕ್ಸ್ ತಾನಾಗೇ ತೆರೆಯೋ ಆಸೆ ಇದ್ರೆ ಪಿಸಿಆರ್ 7 (ಸೆಕ್ಯೂರ್ ಬೂಟ್ ಸ್ಥಿತಿ ದಾಖಲಾಗೋ ಟಿಪಿಎಂ ರಿಜಿಸ್ಟರ್) ಒಂದನ್ನೇ ನಂಬ್ಬೇಡಿ, ಪಿನ್ ಸೇರಿಸಿ. ಹಳೇ ಪಾಸ್‌ಫ್ರೇಸ್ ಸ್ಲಾಟ್ ಅಳಿಸ್ಬೇಡಿ. ಡಿಬಿಎಕ್ಸ್ (ರದ್ದಾದ ಸಹಿಗಳ ಪಟ್ಟಿ) ಅಪ್‌ಡೇಟ್ ಆದಾಗ ಪಿಸಿಆರ್ 7 ಬದಲಾಗಿ ಟಿಪಿಎಂ ಕೈ ಎತ್ತುತ್ತೆ.

ಬೂಟ್‌ಬಸವ:
ಮೋಕ್ ಸೇರಿಸಿದೆ, ಡ್ರೈವರ್ ಬಂತು. 2026ಕ್ಕೆ ಮೈಕ್ರೋಸಾಫ್ಟ್ ಸರ್ಟಿಫಿಕೇಟ್ ಅವಧಿ ಮುಗಿಯುತ್ತಂತಲ್ಲ, ಬೂಟೇ ಆಗಲ್ವಾ?

ಕರ್ನಲ್‌ಕಟ್ಟೆ:
ಆಗುತ್ತೆ. ಮುಗಿಯೋದು 2011ರ ಸರ್ಟಿಫಿಕೇಟು; ಬೂಟ್ ಹೊತ್ತಲ್ಲಿ ಫರ್ಮ್‌ವೇರ್ ಸಾಮಾನ್ಯವಾಗಿ ತಾರೀಖು ನೋಡಲ್ಲ, ಹಳೇ ಶಿಮ್ ಓಡುತ್ತೆ. ತೊಂದರೆ ಬರೋದು ಬರೀ 2023ರ ಕೀಯಲ್ಲಿ ಸಹಿಯಾದ ಹೊಸ ಶಿಮ್ ಬಂದಾಗ. ‘ಮೋಕ್‌ಯುಟಿಲ್ --ಡಿಬಿ’ (ಫರ್ಮ್‌ವೇರ್ ನಂಬೋ ಕೀಗಳ ಪಟ್ಟಿ) ಔಟ್‌ಪುಟ್‌ನಲ್ಲಿ 2023 ಹುಡುಕಿ. ಇಲ್ಲದಿದ್ರೆ ಬಯಾಸ್ ಅಪ್‌ಡೇಟ್ ಇದೆಯಾ ನೋಡಿ.