ಫ್ಲಾಪಿ ಡ್ರೈವ್‌ನ ಸ್ಪೀಡ್: 'ಸರಿಪಡಿಸು', 'ಹೊಂದಿಸು', 'ಕೂರಿಸು', ಯಾವುದು?

ಎಲ್ಲರಿಗೂ ನಮಸ್ಕಾರ. ಹಳೇ ಕಂಪ್ಯೂಟರ್‌ಗಳ ಫ್ಲಾಪಿ ಡ್ರೈವ್ (ಫ್ಲಾಪಿ ಡಿಸ್ಕನ್ನು ತಿರುಗಿಸಿ ಓದುವ, ಬರೆಯುವ ಭಾಗ) ಸ್ಪೀಡ್ ನೋಡಿ ತಿದ್ದುವ ಬಗ್ಗೆ ದಾವಣಗೆರೆಯ ಐಟಿಐ ಹುಡುಗರಿಗೆ ಕನ್ನಡದಲ್ಲಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಎರಡು ಮಾತಿಗೆ ನಿಮ್ಮ ಸಹಾಯ ಬೇಕು.

ಮೊದಲು ಕೆಲಸ ಏನು ಅಂತ ಹೇಳಿಬಿಡುತ್ತೇನೆ. ಐದೂಕಾಲು ಇಂಚಿನ ಹಳೇ ಡ್ರೈವ್ ನಿಮಿಷಕ್ಕೆ 300 ಸುತ್ತು ತಿರುಗಬೇಕು (1.2 ಎಂಬಿ ಡ್ರೈವ್ ಆದರೆ 360, ಅದು ಬೇರೆ). ಬೆಲ್ಟ್ ಇರುವ ಎಷ್ಟೋ ಡ್ರೈವ್‌ಗಳ ತಳದ ಫ್ಲೈವೀಲ್ (ತಿರುಗುವ ಚಕ್ರ) ಮೇಲೆ ಎರಡು ಸುತ್ತು ಕಪ್ಪು ಗೆರೆ ಇರುತ್ತವೆ, ಒಂದು 50 ಹರ್ಟ್ಸ್ ಕರೆಂಟಿಗೆ, ಇನ್ನೊಂದು 60ಕ್ಕೆ. ನಮ್ಮದು 50. ಚೋಕ್ ಇರುವ ಟ್ಯೂಬ್‌ಲೈಟ್ ಸೆಕೆಂಡಿಗೆ 100 ಸಲ ಮಿನುಗುತ್ತದೆ, ಚಕ್ರ ಸೆಕೆಂಡಿಗೆ 5 ಸುತ್ತು ಹೊಡೆಯುತ್ತದೆ, ಅಂದರೆ ಒಂದು ಸುತ್ತಿಗೆ 20 ಮಿನುಗು, ಹಾಗಾಗಿ ಸ್ಪೀಡ್ ಸರಿಯಿದ್ದರೆ 20 ಗೆರೆಯ ಸಾಲು ಅಲ್ಲಾಡದೆ ನಿಂತ ಹಾಗೆ ಕಾಣುತ್ತದೆ. ಸ್ಪೀಡ್ ಸ್ವಲ್ಪ ಜಾಸ್ತಿಯಾದರೆ ಗೆರೆಗಳು ಚಕ್ರ ತಿರುಗುವ ಕಡೆಗೇ ಮೆಲ್ಲಗೆ ಸರಿಯುತ್ತವೆ, ಕಡಿಮೆಯಾದರೆ ಹಿಂದಕ್ಕೆ. ಆಗ ಬೋರ್ಡಿನ ಮೇಲಿನ ಪ್ರೀಸೆಟ್ಟನ್ನು (ಸ್ಪೀಡ್ ಹೆಚ್ಚು ಕಡಿಮೆ ಮಾಡುವ ಪುಟ್ಟ ತಿರುಪು) ಕೂದಲೆಳೆಯಷ್ಟು ತಿರುಗಿಸಬೇಕು. ಎಲ್‌ಇಡಿ ಬಲ್ಬಿನ ಕೆಳಗೆ ಇದನ್ನು ನಂಬಬೇಡಿ.

ಈಗ ಪ್ರಶ್ನೆ. ಒಂದು, ಈ ಕೆಲಸಕ್ಕೆ ಕ್ರಿಯಾಪದ ಯಾವುದು? 'ಸರಿಪಡಿಸು' ಅಂದರೆ ಏನೋ ಕೆಟ್ಟಿದೆ ಅಂತಾಗುತ್ತದೆ, ಅಲ್ವಾ? ಇಲ್ಲಿ ಡ್ರೈವ್ ಕೆಟ್ಟಿರುವುದಿಲ್ಲ. ತಾನು ಬರೆದ ಫ್ಲಾಪಿಯನ್ನು ತಾನು ಚೆನ್ನಾಗಿಯೇ ಓದುತ್ತದೆ, ಬೇರೆ ಕಂಪ್ಯೂಟರಿನಲ್ಲಿ ಬರೆದದ್ದನ್ನು ಕೊಟ್ಟಾಗ ಮಾತ್ರ ತಕರಾರು. ಅದಕ್ಕೇ ನನಗೆ 'ಹೊಂದಿಸು' ಹಿಡಿಸಿದೆ, ಉಳಿದ ಡ್ರೈವ್‌ಗಳ ಜೊತೆ ಹೊಂದುವುದೇ ಇಲ್ಲಿ ಮುಖ್ಯ.

ಎರಡನೆಯದು ಇನ್ನೂ ತೊಡಕು. 'ಗೆರೆ ನಿಂತಿತು' ಅಂತ ಬರೆದರೆ ಚಕ್ರವೇ ನಿಂತಿತು ಅಂತ ಹುಡುಗರು ಓದಿಕೊಳ್ಳುತ್ತಾರೆ. ಮಂಡಿಪೇಟೆ ಕಡೆ ಟೇಪ್ ರೆಕಾರ್ಡರ್ ರಿಪೇರಿ ಮಾಡುತ್ತಿದ್ದ ಹಿರಿಯರೊಬ್ಬರು ಪ್ರೀಸೆಟ್ ತಿರುಗಿಸುತ್ತಾ "ಇನ್ನೊಂಚೂರು, ಹಾಂ, ಈಗ ಕೂತ್ಕಂತು ನೋಡು" ಅನ್ನುತ್ತಿದ್ದರು. 'ಸ್ಪೀಡ್ ಕೂರಿಸು', 'ಗೆರೆ ಕೂತಿತು' ಅಂತಲೇ ಬರೆಯೋಣ ಅನ್ನಿಸುತ್ತಿದೆ. ಆದರೆ ಮೈಸೂರು, ಮಂಗಳೂರು ಕಡೆಯವರಿಗೆ ಇದು ಥಟ್ಟನೆ ತಿಳಿಯುತ್ತದಾ? ಚಳ್ಳಕೆರೆಯ ಎಣ್ಣೆ ಮಿಲ್ಲುಗಳಲ್ಲಿ ಮೋಟರು, ಬೆಲ್ಟಿನ ಕೆಲಸ ಮಾಡಿದವರು ಯಾರಾದರೂ ಇದ್ದರೆ, ಸ್ಪೀಡ್ ಸರಿಯಾಗಿ ಬಂದಾಗ ಅಲ್ಲಿ ಏನು ಹೇಳುತ್ತಿದ್ದರು ಅಂತ ದಯವಿಟ್ಟು ತಿಳಿಸಿ.